ಹಿತ್ತಿಲ ಹಸಿರುಮನೆ

ಬೆಂಗಳೂರಿನ ಲಾಲ್‌ಬಾಗಿಗೆ ಹೋದವರು ಅಲ್ಲಿಯ ಗಾಜಿನ ಮನೆಯನ್ನು ನೋಡದೆ ಹಿಂದಿರುಗುವುದಿಲ್ಲ. ಸಾಲಾಗಿ ನಿಂತ ಕಬ್ಬಿಣದ ಕಂಬಗಳು, ಅವುಗಳ ನಡುವೆ ಬಳ್ಳಿಯಂತೆ ಬಾಗಿದ ಕಮಾನುಗಳು, ಮೇಲೆ ಬೆಳಕನ್ನು ಸೋಸಿ ಇಳಿಸುವ ಗಾಜಿನ ಮಾಡು. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಸಮಯದಲ್ಲಿ ಇಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ನಾಡಿನ ನಾನಾ ಭಾಗಗಳಿಂದ ಜನ ಬರುತ್ತಾರೆ. ೧೮೮೯ರ ನವೆಂಬರ್ ೩೦ರಂದು ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಇದಕ್ಕೆ ಅಡಿಗಲ್ಲನ್ನಿಟ್ಟನು. ಆಗ ಉದ್ಯಾನದ ಮೇಲ್ವಿಚಾರಕನಾಗಿದ್ದವನು ಜಾನ್ ಕ್ಯಾಮರಾನ್. ಎರಕದ ಕಬ್ಬಿಣದ ಭಾಗಗಳು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ತಯಾರಾಗಿ ಹಡಗಿನಲ್ಲಿ ಬಂದವು. ೧೯೩೫ರಲ್ಲಿ, ಸರ್ ಮಿರ್ಜಾ ಇಸ್ಮಾಯಿಲ್ ಅವರು ಮೈಸೂರಿನ ದಿವಾನರಾಗಿದ್ದಾಗ, ಈ ಮನೆಯನ್ನು ಪೂರ್ವದಿಕ್ಕಿಗೆ ವಿಸ್ತರಿಸಲಾಯಿತು. ಆ ಭಾಗಕ್ಕೆ ಬೇಕಾದ ಉಕ್ಕು ಭದ್ರಾವತಿಯ ಕಾರ್ಖಾನೆಯಿಂದ ಬಂದಿತು.

ಲಾಲ್‌ಬಾಗಿನಿಂದ ದಕ್ಷಿಣಕ್ಕೆ ಸ್ವಲ್ಪ ದೂರ ನಡೆದರೆ ಜಯನಗರ ಸಿಗುತ್ತದೆ. ೧೯೪೮ರಲ್ಲಿ, ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು ಅಡಿಗಲ್ಲನ್ನಿಟ್ಟ ಬಡಾವಣೆ ಇದು. ಮೊದಲ ದಶಕಗಳಲ್ಲಿ ಇಲ್ಲಿ ಕಟ್ಟಿದ ಮನೆಗಳಿಗೆ ಮುಂದೆ ಒಂದು ಅಂಗಳ, ಹಿಂದೆ ಒಂದು ಹಿತ್ತಿಲು, ಹಿತ್ತಿಲಲ್ಲಿ ತೆಂಗು, ಕರಿಬೇವು, ದಾಸವಾಳ ಇರುವುದು ವಾಡಿಕೆಯಾಗಿತ್ತು. ಈಗ ಆ ಮನೆಗಳು ಒಂದೊಂದಾಗಿ ಉರುಳುತ್ತಿವೆ; ಅವುಗಳ ಜಾಗದಲ್ಲಿ ನಾಲ್ಕಾರು ಅಂತಸ್ತಿನ ಕಟ್ಟಡಗಳು ಏಳುತ್ತಿವೆ. ಬನಶಂಕರಿ, ಜೆ. ಪಿ. ನಗರಗಳಲ್ಲಿಯೂ ಇದೇ ನೋಟ. ಮನೆ ಕೆಡವುವ ದಿನ ರಸ್ತೆಯ ಬದಿಯಲ್ಲಿ, ಕಾಂಪೌಂಡಿಗೆ ಒರಗಿಸಿಟ್ಟ ಕಿಟಕಿಗಳ ಸಾಲನ್ನು ದಾರಿಹೋಕರು ಕಾಣಬಹುದು. ಮರ ಗಟ್ಟಿಯಾಗಿದೆ, ಗಾಜು ಒಡೆದಿಲ್ಲ, ಚಿಲಕ ಇನ್ನೂ ಸರಿಯಾಗಿ ಕೂಡುತ್ತದೆ. ಆದರೂ ಅವು ಬೇಡವಾದ ವಸ್ತುಗಳು. ಗುಜರಿಯವನ ಗಾಡಿಗಾಗಿ ಕಾಯುತ್ತಿರುತ್ತವೆ.

ಒಂದೆಡೆ ಕಡಲಾಚೆಯಿಂದ ಕಬ್ಬಿಣ ತರಿಸಿ ಕಟ್ಟಿದ ಗಾಜಿನ ಮನೆ. ಇನ್ನೊಂದೆಡೆ ಬೀದಿಯಲ್ಲಿ ಬಿದ್ದ ಗಾಜಿನ ಕಿಟಕಿ. ಬೀದಿಯ ಆ ಕಿಟಕಿಗಳಿಂದಲೇ ಹಿತ್ತಿಲಲ್ಲಿ ಒಂದು ಪುಟ್ಟ ಹಸಿರುಮನೆಯನ್ನು ಕಟ್ಟಬಹುದು. ಆದರೆ ಅದಕ್ಕೆ ಮೊದಲು ಹಸಿರುಮನೆ ಎಂದರೇನು, ಅದು ಹೇಗೆ ಕೆಲಸ ಮಾಡುತ್ತದೆ, ಬೆಂಗಳೂರಿನಂಥ ಊರಿನಲ್ಲಿ ಅದರಿಂದ ಏನನ್ನು ನಿರೀಕ್ಷಿಸಬೇಕು ಎಂಬುದನ್ನು ಅರಿಯಬೇಕು. ಅರಿಯದೆ ಕಟ್ಟಿದ ಹಸಿರುಮನೆ ಗಿಡಗಳ ಪಾಲಿಗೆ ಒಲೆಯಾಗುತ್ತದೆ.

ಗಿಡಗಳಿಗೆ ಬೆಳಕು ದೊರೆಯುವಂತೆ ಮಾಡಿ, ಹೊರಗಿನ ಚಳಿ, ಗಾಳಿ, ಮಳೆಗಳಿಂದ ಅವುಗಳನ್ನು ಕಾಪಾಡುವ ಮನೆಯೇ ಹಸಿರುಮನೆ. ಈ ಆಲೋಚನೆ ಬಹಳ ಹಳೆಯದು. ರೋಮಿನ ಚಕ್ರವರ್ತಿ ಟೈಬೀರಿಯಸ್‌ನಿಗೆ ವರ್ಷವಿಡೀ ಸೌತೆಯ ಜಾತಿಯ ಕಾಯಿ ಬೇಕಾಗಿತ್ತಂತೆ. ಅದಕ್ಕಾಗಿ ಅವನ ತೋಟಗಾರರು ಗಾಲಿಗಳ ಮೇಲೆ ಮಡಿಗಳನ್ನು ಮಾಡಿ, ಬಿಸಿಲಿದ್ದಾಗ ಹೊರಕ್ಕೆ ತಳ್ಳಿ, ಚಳಿಯಾದಾಗ ಒಳಕ್ಕೆಳೆದು, ಪಾರದರ್ಶಕವಾದ ಕಲ್ಲಿನ ತೆಳು ಹಾಳೆಗಳಿಂದ ಮುಚ್ಚುತ್ತಿದ್ದರೆಂದು ಪ್ಲಿನಿ ಎಂಬ ವಿದ್ವಾಂಸನು ಬರೆದಿದ್ದಾನೆ. ಹದಿನೈದನೆಯ ಶತಮಾನದ ಮಧ್ಯಭಾಗದಲ್ಲಿ ಕೊರಿಯ ದೇಶದಲ್ಲಿ ರಚಿತವಾದ ಒಂದು ಪುಸ್ತಕವು ಚಳಿಗಾಲದಲ್ಲಿ ತರಕಾರಿ ಬೆಳೆಯುವ ಮನೆಯನ್ನು ವಿವರಿಸುತ್ತದೆ. ಅದಕ್ಕೆ ಮಣ್ಣಿನ ಗೋಡೆ, ನೆಲದಡಿಯಲ್ಲಿ ಬೆಂಕಿಯ ಶಾಖ ಹರಿಯುವ ಏರ್ಪಾಡು. ಬೆಳಕಿಗಾಗಿ ಇದ್ದುದು ಗಾಜಲ್ಲ, ಎಣ್ಣೆ ಸವರಿದ ಕಾಗದ. ಹಸಿರುಮನೆಗೆ ದುಬಾರಿ ಸಾಮಗ್ರಿಯೇ ಆಗಬೇಕೆಂದಿಲ್ಲ; ಅಲ್ಲಲ್ಲಿ ದೊರೆಯುವ ವಸ್ತುವಿನ ಗುಣವನ್ನು ತಿಳಿದು ಬಳಸುವ ಬುದ್ಧಿ ಬೇಕು ಎಂಬುದಕ್ಕೆ ಇದೊಂದು ನಿದರ್ಶನ.

ಗಾಜಿನ ಮನೆಗಳಲ್ಲಿ ಜಗತ್ಪ್ರಸಿದ್ಧವಾದುದು ಲಂಡನ್ನಿನ ಸ್ಫಟಿಕದ ಅರಮನೆ. ೧೮೫೧ರ ಮಹಾ ವಸ್ತುಪ್ರದರ್ಶನಕ್ಕಾಗಿ ಅದನ್ನು ರೂಪಿಸಿದ ಜೋಸೆಫ್ ಪ್ಯಾಕ್ಸ್ಟನ್ ಶಿಲ್ಪಶಾಸ್ತ್ರವನ್ನು ಓದಿದವನಲ್ಲ, ತೋಟಗಾರನಾಗಿ ಬಾಳನ್ನಾರಂಭಿಸಿದವನು. ಆ ಕಟ್ಟಡಕ್ಕೆ ಸುಮಾರು ೨,೯೩,೦೦೦ ಗಾಜಿನ ಹಲಗೆಗಳು ಬೇಕಾದವು. ಹಲಗೆಯೊಂದರ ಉದ್ದ ೪೯ ಅಂಗುಲ, ಅಗಲ ೧೦ ಅಂಗುಲ. ಪ್ಯಾಕ್ಸ್ಟನ್ ಮೊದಲು ಕಟ್ಟಡದ ಅಳತೆಯನ್ನು ನಿಶ್ಚಯಿಸಿ ಬಳಿಕ ಗಾಜನ್ನು ಕತ್ತರಿಸಲಿಲ್ಲ. ಗಾಜಿನ ಅಳತೆಯನ್ನು ಆಧಾರವಾಗಿಟ್ಟುಕೊಂಡು ಕಟ್ಟಡವನ್ನು ರೂಪಿಸಿದನು. ಪ್ರದರ್ಶನ ಮುಗಿದ ಮೇಲೆ ಇಡೀ ಕಟ್ಟಡವನ್ನು ಬಿಚ್ಚಿ, ಸಿಡನ್‌ಹ್ಯಾಮ್ ಎಂಬಲ್ಲಿಗೆ ಸಾಗಿಸಿ, ಇನ್ನಷ್ಟು ದೊಡ್ಡದಾಗಿ ಮತ್ತೆ ಕಟ್ಟಿದರು. ೧೮೫೪ರಲ್ಲಿ ತೆರೆದ ಆ ಎರಡನೆಯ ಅರಮನೆ ೧೯೩೬ರಲ್ಲಿ ಬೆಂಕಿಗೆ ಆಹುತಿಯಾಯಿತು. ಲಾಲ್‌ಬಾಗಿನ ಗಾಜಿನ ಮನೆಗೆ ಸ್ಫೂರ್ತಿಯಾದ ಈ ಕಟ್ಟಡವೇ ಒಮ್ಮೆ ಬಳಸಿದ ಕಬ್ಬಿಣವನ್ನು ಮರಳಿ ಬಳಸಿ ಎದ್ದದ್ದು. ಹಳೆಯ ವಸ್ತುವಿನಿಂದ ಹಸಿರುಮನೆ ಕಟ್ಟುವವನು ಸಂಕೋಚಪಡಬೇಕಾದ ಕಾರಣವಿಲ್ಲ.

ಬಿಸಿಲಿಗೆ ಒಡ್ಡಿದ ಗಾಜಿನ ಮನೆಯ ಒಳಗೆ ಹೊರಗಿಗಿಂತ ಹೆಚ್ಚು ಶಾಖವಿರುವುದು ಏಕೆ? ಸೂರ್ಯನ ಬೆಳಕು ಗಾಜನ್ನು ದಾಟಿ ಒಳಗೆ ಬರುತ್ತದೆ. ಮಣ್ಣು, ಎಲೆ, ಕುಂಡಗಳು ಅದನ್ನು ಹೀರಿಕೊಂಡು ಬಿಸಿಯಾಗುತ್ತವೆ. ಬಿಸಿಯಾದ ವಸ್ತುಗಳು ಅವಕೆಂಪು ಕಿರಣಗಳನ್ನು ಹೊರಸೂಸುತ್ತವೆ; ಈ ಕಿರಣಗಳಿಗೆ ಗಾಜು ಸುಲಭವಾಗಿ ದಾರಿ ಕೊಡುವುದಿಲ್ಲ. ಶಾಖ ಒಳಗೇ ಸೆರೆಯಾಗುವುದಕ್ಕೆ ಇದೇ ಕಾರಣವೆಂದು ಬಹುಕಾಲ ನಂಬಲಾಗಿತ್ತು. ೧೯೦೯ರಲ್ಲಿ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಒಂದು ಸರಳ ಪ್ರಯೋಗವನ್ನು ಮಾಡಿದನು. ಎರಡು ಪೆಟ್ಟಿಗೆಗಳಲ್ಲಿ ಒಂದನ್ನು ಗಾಜಿನಿಂದಲೂ ಇನ್ನೊಂದನ್ನು ಕಲ್ಲುಪ್ಪಿನ ಹಲಗೆಯಿಂದಲೂ ಮುಚ್ಚಿ ಬಿಸಿಲಿನಲ್ಲಿಟ್ಟನು. ಕಲ್ಲುಪ್ಪು ಅವಕೆಂಪು ಕಿರಣಗಳನ್ನು ತಡೆಯುವುದಿಲ್ಲ. ಆದರೂ ಎರಡು ಪೆಟ್ಟಿಗೆಗಳ ಶಾಖದಲ್ಲಿ ಹೆಚ್ಚಿನ ಅಂತರ ಕಾಣಲಿಲ್ಲ. ಬಿಸಿ ಗಾಳಿಯು ಮೇಲೇರಿ ಹೊರಗೆ ಹೋಗದಂತೆ ಮುಚ್ಚಳವು ತಡೆಯುವುದೇ ಮುಖ್ಯ ಕಾರಣವೆಂದು ಇದರಿಂದ ತಿಳಿಯಿತು. ವಾತಾವರಣದ ಇಂಗಾಲದ ಡೈಆಕ್ಸೈಡ್ ಮುಂತಾದ ಅನಿಲಗಳು ಅವಕೆಂಪು ಕಿರಣಗಳನ್ನು ಹೀರಿ ಭೂಮಿಯನ್ನು ಬೆಚ್ಚಗಿಡುವುದನ್ನು ‘ಹಸಿರುಮನೆ ಪರಿಣಾಮ’ ಎಂದು ಕರೆಯುತ್ತಾರಾದರೂ ಹಿತ್ತಿಲ ಹಸಿರುಮನೆಯಲ್ಲಿ ನಡೆಯುವುದು ಹೆಚ್ಚಾಗಿ ಗಾಳಿಯ ಸೆರೆ.

ಈ ವಿಷಯ ಬೆಂಗಳೂರಿನವರಿಗೆ ಬಹಳ ಉಪಯುಕ್ತವಾದುದು. ಗಾಳಿಯ ಸೆರೆಯಿಂದ ಶಾಖವೇರುವುದಾದರೆ, ಗಾಳಿಯನ್ನು ಬಿಡುಗಡೆ ಮಾಡಿದಾಗ ಶಾಖ ಇಳಿಯಬೇಕು. ಲಂಡನ್ ನಗರವಿರುವುದು ೫೧ ಡಿಗ್ರಿಗಿಂತ ಹೆಚ್ಚಿನ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರಿನ ನಡುಹಗಲಿನಲ್ಲಿಯೂ ಅಲ್ಲಿ ಸೂರ್ಯನು ದಿಗಂತದಿಂದ ಸುಮಾರು ೧೫ ಡಿಗ್ರಿಗಳಷ್ಟು ಮಾತ್ರ ಮೇಲೇರುತ್ತಾನೆ. ಅಲ್ಲಿಯ ತೋಟಗಾರ ಒಂದೊಂದು ಕಿರಣವನ್ನೂ ಹಿಡಿದಿಡಬೇಕು. ಬೆಂಗಳೂರು ಇರುವುದು ೧೩ ಡಿಗ್ರಿ ಅಕ್ಷಾಂಶದಲ್ಲಿ, ಸಮುದ್ರಮಟ್ಟದಿಂದ ೯೦೦ ಮೀಟರಿಗೂ ಎತ್ತರದಲ್ಲಿ. ಇಲ್ಲಿ ಡಿಸೆಂಬರಿನ ಮಧ್ಯಾಹ್ನವೂ ಸೂರ್ಯನು ೫೩ ಡಿಗ್ರಿಗಳಷ್ಟು ಎತ್ತರದಲ್ಲಿರುತ್ತಾನೆ. ಏಪ್ರಿಲ್ ೨೪ರ ಸುಮಾರಿಗೂ ಆಗಸ್ಟ್ ೧೮ರ ಸುಮಾರಿಗೂ ಅವನು ನೆತ್ತಿಯ ಮೇಲೆಯೇ ಬರುತ್ತಾನೆ. ಆ ದಿನಗಳಲ್ಲಿ ನೇರವಾಗಿ ನಿಲ್ಲಿಸಿದ ಕೋಲಿಗೆ ನಡುಹಗಲಿನಲ್ಲಿ ನೆರಳೇ ಇರುವುದಿಲ್ಲ. ೨೦೧೬ರ ಏಪ್ರಿಲ್ ೨೪ರಂದು ನಗರದ ಉಷ್ಣತೆ ೩೯.೨ ಡಿಗ್ರಿ ಸೆಲ್ಸಿಯಸ್ಸಿಗೆ ಏರಿತ್ತು. ೧೮೮೪ರ ಜನವರಿಯಲ್ಲಿ ಒಮ್ಮೆ ೭.೮ ಡಿಗ್ರಿಗೆ ಇಳಿದದ್ದು ದಾಖಲೆಯಲ್ಲಿದ್ದರೂ, ಗಿಡಗಳನ್ನು ಕೊಲ್ಲುವ ಹಿಮ ಇಲ್ಲಿ ಬೀಳುವುದಿಲ್ಲ.

ಹಾಗಾದರೆ ಬೆಂಗಳೂರಿನಲ್ಲಿ ಹಸಿರುಮನೆ ಏಕೆ ಬೇಕು? ಶಾಖಕ್ಕಾಗಿ ಅಲ್ಲ, ರಕ್ಷಣೆಗಾಗಿ. ಮೇ ತಿಂಗಳ ಗುಡುಗುಮಳೆಯ ಜೊತೆಗೆ ಒಮ್ಮೊಮ್ಮೆ ಆಲಿಕಲ್ಲು ಬೀಳುತ್ತದೆ. ಆಗಸ್ಟಿನಿಂದ ಅಕ್ಟೋಬರಿನವರೆಗೆ ಸುರಿಯುವ ಜಡಿಮಳೆಗೆ ಆಗತಾನೆ ಮೊಳೆತ ಕೊತ್ತಂಬರಿ ಕೊಳೆಯುತ್ತದೆ, ಟೊಮೇಟೊ ಸಸಿ ಮಣ್ಣಿಗೆ ಒರಗುತ್ತದೆ. ಮಾರ್ಚಿಯ ಒಣಗಾಳಿಗೆ ಎಳೆಯ ಎಲೆಗಳು ಸುಟ್ಟುಹೋಗುತ್ತವೆ. ಬಿದ್ದ ಬೀಜವನ್ನು ಅಳಿಲು, ಪಾರಿವಾಳಗಳು ಉಳಿಸುವುದಿಲ್ಲ. ಇವೆಲ್ಲವುಗಳಿಂದ ಸಸಿಯನ್ನು ಕಾಪಾಡುತ್ತ, ಬೆಳಕನ್ನು ಹದವಾಗಿ ಬಿಟ್ಟುಕೊಂಡು, ಗಾಳಿಗೆ ಮಾತ್ರ ಸದಾ ದಾರಿ ಬಿಟ್ಟಿರುವ ಮನೆ ಇಲ್ಲಿಗೆ ತಕ್ಕುದು. ಲಾಲ್‌ಬಾಗಿನ ಗಾಜಿನ ಮನೆಯನ್ನು ಗಮನವಿಟ್ಟು ನೋಡಿದರೆ ಈ ವಿವೇಕ ಅಲ್ಲಿಯೂ ಕಾಣುತ್ತದೆ. ಅದರ ಮಾಡು ಗಾಜಿನದಾದರೂ ಕಂಬಗಳ ನಡುವಿನ ಬದಿಗಳು ಗಾಳಿಗೆ ತೆರೆದಿವೆ. ರೂಪ ಲಂಡನ್ನಿನದು; ನಡತೆ ಬೆಂಗಳೂರಿನದು.

ಇನ್ನು ಕಟ್ಟುವ ಕ್ರಮ. ಜಯನಗರದ ಒಂದು ಹಳೆಯ ಮನೆಯ ಹಿತ್ತಿಲನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಬಹುದು. ಹತ್ತು ಅಡಿ ಉದ್ದ, ಎಂಟು ಅಡಿ ಅಗಲದ ಸಮತಟ್ಟಾದ ಜಾಗವಿದ್ದರೆ ಸಾಕು. ಹೊಸ ಸಾಮಗ್ರಿಯಿಂದ ಕಟ್ಟುವವರು ಮೊದಲು ನಕ್ಷೆ ಬರೆದು ಅನಂತರ ಅಂಗಡಿಗೆ ಹೋಗುತ್ತಾರೆ. ಹಳೆಯ ಸಾಮಗ್ರಿಯಿಂದ ಕಟ್ಟುವವರು ಮೊದಲು ಗುಜರಿ ಅಂಗಡಿಗೆ ಹೋಗಿ ಅನಂತರ ನಕ್ಷೆ ಬರೆಯಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯ ಮಾತು ಇಲ್ಲಿ ಅಕ್ಷರಶಃ ಸತ್ಯ. ಕೆಡವುತ್ತಿರುವ ಮನೆಯಿಂದ ವಸ್ತುಗಳನ್ನು ತರುವುದಾದರೆ ಒಡೆಯನನ್ನೊ ಗುತ್ತಿಗೆದಾರನನ್ನೊ ಕೇಳಿಯೇ ತರಬೇಕು. ಬೀದಿಯಲ್ಲಿ ಇಟ್ಟದ್ದೆಲ್ಲ ಬಿಟ್ಟದ್ದಲ್ಲ.

ನಾಲ್ಕು ಅಡಿ ಎತ್ತರ, ಒಂದೂವರೆ ಅಡಿ ಅಗಲದ ಕಿಟಕಿಯ ಕದಗಳು ಹದಿಮೂರು ದೊರೆತವೆಂದು ಭಾವಿಸೋಣ. ಅವುಗಳಲ್ಲಿ ಒಂಬತ್ತು ಗಾಜಿನ ಕದಗಳು, ನಾಲ್ಕು ಬರಿಯ ಹಲಗೆಯ ಕದಗಳು. ನಾಲ್ಕು ಕದಗಳನ್ನು ಸಾಲಾಗಿ ನಿಲ್ಲಿಸಿದರೆ ಆರು ಅಡಿಯಾಯಿತು. ಕಂಬಗಳಿಗೆ ಅರ್ಧ ಅಡಿ ಸೇರಿಸಿದರೆ ಮನೆಯ ಉದ್ದ ಆರೂವರೆ ಅಡಿ. ಅಗಲವನ್ನು ಐದೂವರೆ ಅಡಿ ಇಟ್ಟುಕೊಂಡರೆ ದಕ್ಷಿಣದ ಬದಿಯಲ್ಲಿ ಎರಡು ಕದಗಳ ಜೊತೆಗೆ ಎರಡು ಅಡಿಯ ಬಾಗಿಲು ಕೂಡುತ್ತದೆ. ಉತ್ತರದ ಬದಿಯಲ್ಲಿ ಮೂರು ಕದಗಳನ್ನಿಟ್ಟ ಮೇಲೆ ಅರ್ಧ ಅಡಿ ಉಳಿಯುತ್ತದೆ. ಅದಕ್ಕೆ ತಂತಿಯ ಬಲೆಯನ್ನು ಹೊಡೆಯಬಹುದು. ಇಂಥ ಹೊಂದಾಣಿಕೆಗಳು ಹಳೆಯ ಸಾಮಗ್ರಿಯ ಕೆಲಸದಲ್ಲಿ ಸಹಜ. ಅಂಗಡಿಯ ಸಾಮಾನಿನಲ್ಲಿ ಅಳತೆ ತಪ್ಪಿದರೆ ಅದು ನಷ್ಟ. ಇಲ್ಲಿ ಅದು ಗಾಳಿಗೆ ಇನ್ನೊಂದು ದಾರಿ.

ದಿಕ್ಕುಗಳ ವಿಷಯದಲ್ಲಿ ಎಚ್ಚರ ಬೇಕು. ಗಾಜಿನ ನಾಲ್ಕು ಕದಗಳನ್ನು ಪೂರ್ವಕ್ಕೆ ಇಡಬೇಕು. ಬೆಳಗಿನ ಬಿಸಿಲು ಎಳೆಯದು, ಸಸಿಗಳಿಗೆ ಹಿತವಾದುದು. ಹಲಗೆಯ ಕದಗಳನ್ನು ಪಶ್ಚಿಮಕ್ಕೆ ಇಡಬೇಕು. ಮಧ್ಯಾಹ್ನ ಮೂರರ ಬಿಸಿಲನ್ನು ಅವು ತಡೆಯುತ್ತವೆ. ಪಶ್ಚಿಮದ ಹೊರಬದಿಯಲ್ಲಿ ಹೀರೆಯ ಬಳ್ಳಿಯನ್ನೊ ಚಪ್ಪರದವರೆಯನ್ನೊ ಹಬ್ಬಿಸಿದರೆ ನೆರಳಿನ ಜೊತೆಗೆ ತರಕಾರಿಯೂ ದೊರೆಯುತ್ತದೆ. ಮಾಡು ಪೂರ್ವದಲ್ಲಿ ಎತ್ತರವಾಗಿ, ಪಶ್ಚಿಮಕ್ಕೆ ಇಳಿಜಾರಾಗಿರಬೇಕು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಗಾಳಿ ಬೀಸುವುದು ಪಡುವಣದಿಂದ. ಮಳೆಯ ಇರಚಲು ಆ ಕಡೆಯಿಂದ ಬರುವುದರಿಂದ ತಗ್ಗಾದ ಅಂಚು ಆ ಕಡೆಗೇ ಇರುವುದು ಲೇಸು.

ನೆಲವನ್ನು ಒಂದು ಅಡಿ ಅಗೆದು, ಇಟ್ಟಿಗೆಯ ಚೂರುಗಳನ್ನು ತುಂಬಿ ದಿಮ್ಮಸು ಹೊಡೆದರೆ ಅದೇ ತಳಪಾಯ. ಅದರ ಮೇಲೆ ಹಳೆಯ ಇಟ್ಟಿಗೆಗಳಿಂದ ಎರಡು ಅಡಿ ಎತ್ತರದ ಗೋಡೆಯನ್ನು ಎಬ್ಬಿಸಬೇಕು. ಪಶ್ಚಿಮದ ಗೋಡೆಯಲ್ಲಿ ನೆಲಕ್ಕೆ ಹತ್ತಿರವಾಗಿ, ಒಂದು ಇಟ್ಟಿಗೆ ಬಿಟ್ಟು ಒಂದು ಇಟ್ಟಿಗೆ ಇಟ್ಟು, ಗಾಳಿಗಂಡಿಗಳನ್ನು ಉಳಿಸಬೇಕು. ಗೋಡೆಯ ಮೇಲೆ ನಾಲ್ಕು ಅಡಿಯ ಕದಗಳು ನಿಂತರೆ ಆರು ಅಡಿ ಎತ್ತರವಾಯಿತು. ಪೂರ್ವದಲ್ಲಿ ಮಾತ್ರ ಕಂಬಗಳನ್ನು ಏಳು ಅಡಿಗೆ ಏರಿಸಿ, ಮೇಲಿನ ಒಂದು ಅಡಿಯನ್ನು ತಂತಿಯ ಬಲೆಯಿಂದಷ್ಟೇ ಮುಚ್ಚಬೇಕು. ಬಿಸಿಯಾದ ಗಾಳಿ ಹಗುರ. ಅದು ಮೇಲೇರಿ ಪೂರ್ವದ ಈ ತೆರಪಿನಿಂದ ಹೊರಹೋಗುತ್ತದೆ. ಅದರ ಸ್ಥಾನಕ್ಕೆ ಪಶ್ಚಿಮದ ಗಂಡಿಗಳಿಂದ ತಂಪಾದ ಗಾಳಿ ಒಳಬರುತ್ತದೆ. ಯಂತ್ರವಿಲ್ಲ, ವಿದ್ಯುತ್ತಿಲ್ಲ, ವುಡ್‌ನ ಪೆಟ್ಟಿಗೆ ಕಲಿಸಿದ ಪಾಠವೇ ಇಲ್ಲಿ ಕೆಲಸ ಮಾಡುತ್ತದೆ. ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಮೂಡಣ ಗಾಳಿಯ ಮಳೆ ಬಂದಾಗ ಮಾತ್ರ ಆ ತೆರಪಿಗೆ ಒಂದು ಗೋಣಿಯ ಪರದೆಯನ್ನು ಇಳಿಬಿಡಬೇಕು.

ಕಂಬಗಳಿಗೆ ಹಳೆಯ ಕಬ್ಬಿಣದ ನೀರಿನ ಕೊಳವೆಗಳಾಗಲಿ, ಬಾಗಿಲ ಚೌಕಟ್ಟಿನ ಮರವಾಗಲಿ ಆಗಬಹುದು. ಮರವು ಮಣ್ಣನ್ನು ನೇರವಾಗಿ ಮುಟ್ಟಿದರೆ ಗೆದ್ದಲು ಹಿಡಿಯುವುದು ನಿಶ್ಚಯ. ಆದುದರಿಂದ ಅದನ್ನು ಇಟ್ಟಿಗೆಯ ಮೇಲೆ ನಿಲ್ಲಿಸಿ, ಕರಾವಳಿಯವರು ಮಾಡುವಂತೆ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಸವರಬೇಕು. ಆ ಎಣ್ಣೆ ಚರ್ಮವನ್ನು ಸುಡುತ್ತದೆಯಾದ್ದರಿಂದ ಈ ಕೆಲಸವನ್ನು ದೊಡ್ಡವರು ಕೈಚೀಲ ಹಾಕಿಕೊಂಡು ಮಾಡಬೇಕು. ಕದಗಳನ್ನು ಮೊಳೆ ಹೊಡೆದು ಭದ್ರಪಡಿಸುವುದು ತಪ್ಪು. ಕಿಟಕಿಯು ಕಿಟಕಿಯಾಗಿಯೇ ಉಳಿಯಬೇಕು. ಹಳೆಯ ಕೀಲು, ಚಿಲಕಗಳನ್ನು ಹಾಗೆಯೇ ಬಳಸಿ ಅದು ತೆರೆದು ಮುಚ್ಚುವಂತೆ ಮಾಡಬೇಕು. ಸಡಿಲವಾದ ಗಾಜಿಗೆ ಸೀಮೆಸುಣ್ಣದ ಪುಡಿಯನ್ನು ಅಗಸೆಯೆಣ್ಣೆಯಲ್ಲಿ ನಾದಿ ಮಾಡಿದ ಪುಟ್ಟಿಯನ್ನು ಒತ್ತಿದರೆ ಅದು ಬಿಗಿಯಾಗುತ್ತದೆ.

ಮಾಡಿಗೆ ಮಾತ್ರ ಹಳೆಯ ಕಿಟಕಿಯ ಗಾಜನ್ನು ಬಳಸಬಾರದು. ತೆಂಗಿನ ಗರಿಯೊ ಆಲಿಕಲ್ಲೊ ಬಿದ್ದು ಅದು ಒಡೆದರೆ ಕೆಳಗಿರುವವರ ತಲೆಗೆ ಅಪಾಯ. ಬೆಳಕು ಹಾಯುವ ಪ್ಲಾಸ್ಟಿಕ್ ತಗಡುಗಳು ಗುಜರಿಯಲ್ಲಿ ಸಿಗುತ್ತವೆ. ಹಳತಾಗಿ ಹಳದಿಗೆ ತಿರುಗಿದ ತಗಡು ಬೆಳಕನ್ನು ಸ್ವಲ್ಪ ಕಡಿಮೆ ಬಿಡುತ್ತದೆ. ಶೀತದೇಶದಲ್ಲಿ ಇದು ದೋಷ, ಬೆಂಗಳೂರಿನ ಬೇಸಗೆಯಲ್ಲಿ ಇದೇ ಗುಣ. ಬೇಸಗೆ ಏರಿದಾಗ ಮಾಡಿನ ಮೇಲೆ ಹಳೆಯ ಬಿಳಿಯ ಪಂಚೆಯನ್ನೊ ಹತ್ತಿಯ ಸೀರೆಯನ್ನೊ ಹಾಸಿ ಕಟ್ಟಬಹುದು. ಗೋಡೆಗಿಂತ ಅರ್ಧ ಅಡಿ ಹೊರಚಾಚಿದ ಮಾಡನ್ನು ಕಂಬಗಳಿಗೆ ತಂತಿಯಿಂದ ಬಿಗಿಯಾಗಿ ಕಟ್ಟಬೇಕು. ಮುಂಗಾರಿಗೆ ಮುಂಚಿನ ಬಿರುಗಾಳಿ ಮರಗಳನ್ನೇ ಉರುಳಿಸುವ ಊರು ಇದು.

ಮಾಡಿನ ತಗ್ಗಾದ ಅಂಚಿಗೆ ಉದ್ದಕ್ಕೆ ಸೀಳಿದ ಕೊಳವೆಯನ್ನು ಕಟ್ಟಿ, ಅದರ ತುದಿಗೆ ಒಂದು ಹಳೆಯ ಡ್ರಮ್ಮನ್ನು ಇಡಬೇಕು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಈ ಮಾಡಿನ ವಿಸ್ತಾರ ಸುಮಾರು ನಾಲ್ಕೂವರೆ ಚದರ ಮೀಟರ್. ೨೫ ಮಿಲಿಮೀಟರಿನ ಒಂದು ಒಳ್ಳೆಯ ಮಳೆಗೆ ನೂರು ಲೀಟರಿಗೂ ಹೆಚ್ಚು ನೀರು ಬರುತ್ತದೆ. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು ೯೭೦ ಮಿಲಿಮೀಟರ್. ಸೋರಿ, ಆವಿಯಾಗಿ ಹೋಗುವುದನ್ನು ಕಳೆದರೂ ವರ್ಷಕ್ಕೆ ೩,೦೦೦ ಲೀಟರಿಗಿಂತ ಹೆಚ್ಚು ನೀರು ಇಷ್ಟು ಪುಟ್ಟ ಮಾಡಿನಿಂದ ಇಳಿಯುತ್ತದೆ. ನಗರದ ನಲ್ಲಿಗಳಿಗೆ ಕಾವೇರಿಯ ನೀರು ಬರುವುದು ಸುಮಾರು ೧೦೦ ಕಿಲೋಮೀಟರ್ ದೂರದಿಂದ. ಅದನ್ನು ಸುಮಾರು ೫೦೦ ಮೀಟರ್ ಮೇಲಕ್ಕೆತ್ತಿ ತರಬೇಕು. ೨೦೨೪ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ ನಗರದ ಜನ ಬಿಂದಿಗೆ ಹಿಡಿದು ನಿಂತದ್ದನ್ನು ನೆನೆದರೆ ಗಿಡಗಳಿಗೆ ನಲ್ಲಿಯ ನೀರನ್ನೇ ಸುರಿಯಲು ಮನಸ್ಸು ಬಾರದು. ಡ್ರಮ್ಮಿನ ಬಾಯಿಗೆ ಸೊಳ್ಳೆ ನುಸುಳದಂತೆ ಬಟ್ಟೆ ಕಟ್ಟುವುದನ್ನು ಮರೆಯಬಾರದು.

ಒಳಗಿನ ನೆಲಕ್ಕೆ ಸಿಮೆಂಟು ಬೇಡ. ಒಡೆದ ಹೆಂಚು, ಇಟ್ಟಿಗೆಯ ಚೂರುಗಳನ್ನು ಹರಡಿದರೆ ಸಾಕು. ಮಾರ್ಚಿ, ಏಪ್ರಿಲ್ ತಿಂಗಳ ಮಧ್ಯಾಹ್ನ ಅವುಗಳ ಮೇಲೆ ನೀರು ಚಿಮುಕಿಸಿದರೆ ಒಳಗೆ ತಂಪಾಗುತ್ತದೆ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು ೨೪ ಲಕ್ಷ ಜೂಲುಗಳಷ್ಟು ಶಾಖವನ್ನು ಸುತ್ತಣದಿಂದ ಹೀರುತ್ತದೆ. ಮಣ್ಣಿನ ಮಡಕೆಯ ನೀರು ತಣ್ಣಗಿರುವುದೂ ಇದೇ ಕಾರಣದಿಂದ. ಮಳೆಗಾಲದಲ್ಲಿ ಗಾಳಿಯೇ ತೇವವಾಗಿರುವುದರಿಂದ ಈ ಉಪಾಯ ಫಲಿಸುವುದಿಲ್ಲ. ಆಗ ನೀರು ಚಿಮುಕಿಸಿದರೆ ಬೂಷ್ಟು ಬರುತ್ತದೆ.

ಹಿತ್ತಿಲಿಲ್ಲದವರು ಮಹಡಿಯ ಮೇಲೆ ಕಟ್ಟಬಯಸುವುದು ಸಹಜ. ಬೆಂಗಳೂರಿನಲ್ಲಿ ಮಹಡಿತೋಟಗಳಿಗೆ ಕೊರತೆಯಿಲ್ಲ. ಅವುಗಳನ್ನು ಬೆಳೆಸುವವರು ೨೦೧೧ರಿಂದ ‘ಊಟ ಫ್ರಂ ಯುವರ್ ತೋಟ’ ಎಂಬ ಹೆಸರಿನ ಮೇಳಗಳಲ್ಲಿ ಸೇರಿ ಬೀಜ, ಸಸಿ, ಅನುಭವಗಳನ್ನು ಹಂಚಿಕೊಂಡಿದ್ದಾರೆ. ಆದರೆ ಮಹಡಿಯ ಮೇಲೆ ಭಾರದ ಲೆಕ್ಕ ಮುಖ್ಯ. ಒಂದು ಘನ ಅಡಿ ತೇವದ ಮಣ್ಣು ೪೫ ಕಿಲೋಗ್ರಾಮಿಗಿಂತ ಹೆಚ್ಚು ತೂಗುತ್ತದೆ. ನಾಲ್ಕು ಮಿಲಿಮೀಟರ್ ದಪ್ಪದ ಗಾಜು ಚದರ ಮೀಟರಿಗೆ ೧೦ ಕಿಲೋಗ್ರಾಂ. ನೂರು ಲೀಟರ್ ನೀರೆಂದರೆ ನೂರು ಕಿಲೋಗ್ರಾಂ. ಆದುದರಿಂದ ಅಲ್ಲಿ ಇಟ್ಟಿಗೆಯ ಗೋಡೆಯನ್ನು ಬಿಡಬೇಕು, ಮಣ್ಣಿಗೆ ತೆಂಗಿನ ನಾರಿನ ಪುಡಿಯನ್ನು ಬೆರೆಸಿ ಹಗುರಗೊಳಿಸಬೇ‌ಕು, ಮತ್ತು ಕಟ್ಟಡವನ್ನು ಬಲ್ಲ ಎಂಜಿನಿಯರರ ಸಲಹೆಯಿಲ್ಲದೆ ಕೆಲಸವನ್ನು ಆರಂಭಿಸಬಾರದು.

ಹಳೆಯದೆಲ್ಲ ಒಳ್ಳೆಯದೆಂದು ತಿಳಿಯುವುದು ಅಪಾಯಕರ. ಹಿಂದಿನ ಬಣ್ಣಗಳಲ್ಲಿ ಸೀಸದ ಅಂಶವಿರುತ್ತಿತ್ತು. ಮನೆಬಳಕೆಯ ಬಣ್ಣಗಳಲ್ಲಿ ಸೀಸವನ್ನು ನಿಯಂತ್ರಿಸುವ ನಿಯಮಗಳನ್ನು ಭಾರತ ಸರ್ಕಾರ ಹೊರಡಿಸಿದ್ದು ೨೦೧೬ರಲ್ಲಿ. ಆದುದರಿಂದ ಹಳೆಯ ಕಿಟಕಿಯ ಬಣ್ಣವನ್ನು ಒಣಗಿದಾಗ ಉಜ್ಜಬಾರದು. ಆ ಧೂಳು ಮಕ್ಕಳ ಮಿದುಳಿಗೆ ಹಾನಿಕರ. ಒದ್ದೆ ಮಾಡಿ ಕೆರೆದು, ಚೂರುಗಳನ್ನು ಒಂದೂ ಬಿಡದೆ ಆಯ್ದು, ಮಣ್ಣಿಗೆ ಬೀಳದಂತೆ ನೋಡಿಕೊಂಡು, ಮೇಲೆ ಹೊಸ ಬಣ್ಣವನ್ನು ಬಳಿಯಬೇಕು. ಕಲ್ನಾರಿನ ತಗಡುಗಳನ್ನು ಗರಗಸದಿಂದ ಕೊಯ್ಯುವುದಾಗಲಿ ಒಡೆಯುವುದಾಗಲಿ ಕೂಡದು; ಅದರ ನೂಲಿನಂಥ ಕಣಗಳು ಶ್ವಾಸಕೋಶವನ್ನು ಸೇರಿ ಕ್ಯಾನ್ಸರನ್ನು ಉಂಟುಮಾಡುತ್ತವೆ. ಔಷಧ, ರಾಸಾಯನಿಕಗಳನ್ನು ತುಂಬಿದ್ದ ಡ್ರಮ್ಮು ಎಷ್ಟು ಅಗ್ಗವಾಗಿ ಸಿಕ್ಕಿದರೂ ತೋಟಕ್ಕೆ ತರಬಾರದು. ವಸ್ತುವಿನ ಹಿಂದಿನ ಬಾಳನ್ನು ವಿಚಾರಿಸಿಯೇ ಅದಕ್ಕೆ ಮುಂದಿನ ಬಾಳನ್ನು ಕೊಡಬೇಕು.

ಮನೆ ಸಿದ್ಧವಾದ ಮೇಲೆ ಅದರೊಳಗಿನ ಬಾಳು. ಅಡಕೆಯ ಹಾಳೆ, ತೆಂಗಿನ ಚಿಪ್ಪು, ತಳದಲ್ಲಿ ತೂತು ಕೊರೆದ ಎಣ್ಣೆಯ ಡಬ್ಬಗಳೇ ಕುಂಡಗಳು. ಟೊಮೇಟೊ, ಮೆಣಸಿನಕಾಯಿ, ಬದನೆಗಳ ಸಸಿಗಳನ್ನು ಇಲ್ಲಿ ನಾಲ್ಕೈದು ವಾರ ಬೆಳೆಸಿ, ಗಟ್ಟಿಯಾದ ಮೇಲೆ ಹೊರಗೆ ನೆಡಬಹುದು. ಕೊತ್ತಂಬರಿ, ಮೆಂತ್ಯ, ದಂಟಿನ ಸೊಪ್ಪುಗಳು ಮಳೆಗಾಲದಲ್ಲಿಯೂ ಕೊಳೆಯದೆ ಬರುತ್ತವೆ. ಬೆಳೆಗೆ ಶತ್ರುಗಳೂ ಉಂಟು. ಬಿಳಿನೊಣಕ್ಕೂ ಸಸ್ಯಹೇನಿಗೂ ಹಳದಿಯ ಬಣ್ಣವೆಂದರೆ ಮೋಹ. ಡಬ್ಬದ ಮುಚ್ಚಳಕ್ಕೆ ಹಳದಿಯ ಬಣ್ಣ ಬಳಿದು, ಹರಳೆಣ್ಣೆ ಸವರಿ ತೂಗುಹಾಕಿದರೆ ಅವು ಬಂದು ಅಂಟಿಕೊಳ್ಳುತ್ತವೆ. ಬಲೆಯಿಂದಾಗಿ ಜೇನುಹುಳುಗಳು ಒಳಬರಲಾರವು. ಟೊಮೇಟೊ ಹೂವಿಗೆ ತನ್ನ ಪರಾಗವೇ ಸಾಕಾದುದರಿಂದ ಬೆಳಗಿನ ಹೊತ್ತು ಗಿಡವನ್ನು ಮೆಲ್ಲಗೆ ಅಲುಗಿಸಿದರೆ ಕಾಯಿ ಕಚ್ಚುತ್ತದೆ. ಸೌತೆ, ಕುಂಬಳಗಳ ಹೂಗಳಲ್ಲಿ ಗಂಡು ಹೆಣ್ಣು ಬೇರೆ ಬೇರೆಯಾದುದರಿಂದ ಬೆಳಿಗ್ಗೆ ಕದಗಳನ್ನು ತೆರೆದಿಟ್ಟು ಜೇನಿಗೆ ದಾರಿ ಬಿಡಬೇಕು. ಬೆಳಗಾದರೆ ಕಿಟಕಿ ತೆರೆಯುವುದು, ಎಲೆಯ ಅಡಿಯನ್ನು ತಿರುಗಿಸಿ ನೋಡುವುದು, ಮಣ್ಣನ್ನು ಮುಟ್ಟಿ ತೇವವನ್ನು ತಿಳಿಯುವುದು, ಇವು ದಿನದಿನದ ಕೆಲಸಗಳು. ನಾಲ್ಕು ದಿನ ಮರೆತರೆ ಹಸಿರುಮನೆ ಬರಿಯ ಗಾಜಿನ ಪೆಟ್ಟಿಗೆಯಾಗುತ್ತದೆ.

ಇಷ್ಟೆಲ್ಲ ಶ್ರಮದಿಂದ ದೊರೆಯುವುದು ಒಂದು ಕಟ್ಟು ಸೊಪ್ಪೇ ಎಂದು ಯಾರಾದರೂ ಕೇಳಬಹುದು. ನಗರವು ಎಸೆಯುವ ವಸ್ತು ಎಸೆದ ಕ್ಷಣದಲ್ಲಿ ಇಲ್ಲವಾಗುವುದಿಲ್ಲ. ಅದು ಬೇರೊಬ್ಬರ ಬಾಗಿಲಿಗೆ ಹೋಗುತ್ತದೆ. ಬೆಂಗಳೂರಿನ ಕಸವನ್ನು ವರ್ಷಗಳ ಕಾಲ ಸುರಿದದ್ದು ಮಾವಳ್ಳಿಪುರ, ಮಂಡೂರುಗಳಂಥ ಹಳ್ಳಿಗಳ ಬಳಿ. ನೀರು ಕೆಟ್ಟು, ನೊಣ ತುಂಬಿ ಬೇಸತ್ತ ಅಲ್ಲಿಯ ಜನ ತಡೆದು ನಿಂತಾಗ, ೨೦೧೨ರಲ್ಲಿ ನಗರದ ಬೀದಿಗಳಲ್ಲಿಯೇ ಕಸ ಬೆಟ್ಟವಾಯಿತು. ತಾನು ಎಸೆದದ್ದು ಎಲ್ಲಿಗೆ ಹೋಗುತ್ತಿತ್ತೆಂಬುದನ್ನು ನಗರ ಅಂದು ಕಂಡಿತು. ಕೆಡವಿದ ಮನೆಯ ಅವಶೇಷವೂ ಕೆರೆಯ ಅಂಗಳಕ್ಕೊ ರಾಜಕಾಲುವೆಗೊ ಬಿದ್ದರೆ ಮಳೆಗಾಲದಲ್ಲಿ ಪ್ರವಾಹವಾಗಿ ಹಿಂದಿರುಗುತ್ತದೆ. ಹೊಸ ಗಾಜನ್ನು ಮಾಡಲು ಮರಳನ್ನು ೧,೫೦೦ ಡಿಗ್ರಿಯಷ್ಟು ಶಾಖದಲ್ಲಿ ಕರಗಿಸಬೇಕು. ಒಂದು ತೇಗದ ಮರ ಬಲಿಯಲು ಹಲವು ದಶಕಗಳು ಬೇಕು. ಆ ಬೆಂಕಿಯೂ ಆ ದಶಕಗಳೂ ಬೀದಿಯಲ್ಲಿ ಬಿದ್ದ ಕಿಟಕಿಯಲ್ಲಿ ಅಡಗಿವೆ.

ಹದಿಮೂರು ಕದಗಳ ಒಂದು ಹಸಿರುಮನೆಯಿಂದ ನಗರದ ಕಸ ಕರಗಿಹೋಗುವುದಿಲ್ಲ. ಉರುಳಿದ ಮನೆಗಳೂ ಹಿತ್ತಿಲುಗಳೂ ಹಿಂದಿರುಗುವುದಿಲ್ಲ. ಆದರೆ ಅದನ್ನು ಕಟ್ಟಿದ ಮಕ್ಕಳಿಗೆ ಕೆಲವು ಸಂಗತಿಗಳು ಕೈಯಾರೆ ತಿಳಿದಿರುತ್ತವೆ. ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಬಿಸಿಲು ಯಾವ ಹೊತ್ತಿನಲ್ಲಿ ಕಟುವಾಗುತ್ತದೆ, ಮಾಡಿನ ಮೇಲೆ ಬಿದ್ದ ಮಳೆ ಎಷ್ಟು ಲೀಟರಾಗುತ್ತದೆ ಎಂಬುದನ್ನು ಅವರು ಪುಸ್ತಕದಿಂದಷ್ಟೇ ಅರಿತವರಾಗಿರುವುದಿಲ್ಲ. ಯಾವುದನ್ನಾದರೂ ಎಸೆಯುವ ಮುನ್ನ ಅದನ್ನು ಒಮ್ಮೆ ತಿರುಗಿಸಿ ನೋಡುವ ಅಭ್ಯಾಸ ಅವರಿಗೆ ಬಂದಿರುತ್ತದೆ. ಐವತ್ತು ವರ್ಷ ಒಂದು ಕೋಣೆಗೆ ಬೆಳಕನ್ನು ತಂದ ಕಿಟಕಿ, ಹಿತ್ತಿಲಿನ ಮೂಲೆಯಲ್ಲಿ ನಿಂತು, ಇನ್ನು ಕೆಲವು ವರ್ಷ ಸಸಿಗಳಿಗೆ ಬೆಳಕನ್ನು ತರುತ್ತದೆ.